ತಾಮ್ರ, ಗಂಧಕ ಮತ್ತು ನಮ್ಮ ಕಪ್ಪತಗುಡ್ಡ

ಗದಗದಿಂದ ಮುಂಡರಗಿ ಬಸ್ ಹತ್ತಿದರೆ ನಾನು ಕಿಟಕಿ ಸೀಟೇ ಹಿಡಿಯೋದು. ಕಪ್ಪತಗುಡ್ಡ ಕಾಣಬೇಕಲ್ರಿ!

ಸಾಲಿಯೊಳಗೆ ಸರ್ ತಾಮ್ರದ ಪುಡಿ, ಗಂಧಕ ಬೆರೆಸಿ ಕಾಯಿಸಿದ್ದು ನೆನಪಿದೆ. ಒಮ್ಮೆ ಹತ್ತಿಕೊಂಡರೆ ಮುಗೀತು, ಬರ್ನರ್ ತೆಗೆದರೂ ಕೆಂಡದ ಹಾಗೆ ಹೊಳೆಯುತ್ತೆ. ಉಳಿಯೋದು ಕಪ್ಪು ತಾಮ್ರದ ಸಲ್ಫೈಡ್: ತೂಕದಲ್ಲಿ 4 ಪಾಲು ತಾಮ್ರ, 1 ಪಾಲು ಗಂಧಕ.

ಭೂಮಿಯೊಳಗೂ ಇದೇ ನೆಂಟಸ್ತನ. ನಮ್ಮ ಗುಡ್ಡದ ಶಿಲಾಪಟ್ಟಿ ಚಿತ್ರದುರ್ಗದವರೆಗೂ ಹೋಗುತ್ತೆ. ಅಲ್ಲಿನ ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತು. ಅದಿರಿನಲ್ಲಿ ತಾಮ್ರ, ಕಬ್ಬಿಣ, ಗಂಧಕ ಮೂರೂ ಬೆಸೆದಿರುತ್ತವೆ. ಇಂಥ ಅದಿರಿನಿಂದ ತಾಮ್ರ ಬೇಕಂದ್ರೆ ಕಾಯಿಸಿ ಗಂಧಕ ಓಡಿಸಬೇಕು. ಅದು ಸಲ್ಫರ್ ಡೈಆಕ್ಸೈಡ್ ಆಗಿ ಹೊರಬೀಳುತ್ತೆ. ಹಿಡಿದಿಡದಿದ್ದರೆ ಆಮ್ಲಮಳೆ.

ಕಪ್ಪತಗುಡ್ಡದಲ್ಲಿ ಆಸೆ ಹುಟ್ಟಿಸಿದ್ದು ಚಿನ್ನ. ಸೊರಟೂರು ಹಳ್ಳದ ಮರಳು ತೊಳೆದು ಜಾಲಗಾರರು ಚಿನ್ನದ ಕಣ ತೆಗೀತಿದ್ದರು. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಡಂಬಳದ ಗುಡ್ಡಗಳ ಚಿನ್ನದ ಬಗ್ಗೆ ಬರೆದರು. ಆದರೆ ಆ ಚಿನ್ನದ ಜೊತೆಗೂ ಸಲ್ಫೈಡ್ ಇದೆ. ಅಗೆದು ಬಿಸಾಡಿದ ಕಲ್ಲಿಗೆ ಗಾಳಿ, ನೀರು ತಾಗಿದರೆ ಆಮ್ಲ ಹುಟ್ಟಬಹುದು. ಕೆಳಗಿರೋದು ನಮ್ಮ ಹೊಲ, ಕೆರೆ.

2016ರಲ್ಲಿ ಗುಡ್ಡದ ಸಂರಕ್ಷಿತ ಮೀಸಲು ಪಟ್ಟ ಹೋದಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಜೊತೆ ಜನ ಬೀದಿಗಿಳಿದರು. 2017ರಲ್ಲಿ ಪಟ್ಟ ವಾಪಸ್ ಬಂತು. 2019ರಲ್ಲಿ ಗುಡ್ಡ ವನ್ಯಜೀವಿಧಾಮ ಆಯ್ತು.

ಕೂಡಿಸೋಕೆ ಒಂದು ಬರ್ನರ್ ಸಾಕು. ಬಿಡಿಸೋದರ ಬೆಲೆ ಯಾರು ಕೊಡಬೇಕು? ಮುಂದಿನ ಸಲ ಕಿಟಕಿ ಸೀಟು ಸಿಕ್ಕಾಗ ಯೋಚಿಸಿ ನೋಡ್ರಿ.