ಹಸಿರು ಕಾಗೆಬಂಗಾರ

ರತ್ನವೆಂದೊಡನೆ ನಮ್ಮ ಮನಸ್ಸು ಬರ್ಮಾದ ಕೆಂಪಿಗೋ ಕೊಲಂಬಿಯಾದ ಪಚ್ಚೆಗೋ ಹಾರುತ್ತದೆ. ದಾವಣಗೆರೆಯ ಪಿ.ಜೆ. ಬಡಾವಣೆಯವರಿಗೆ ಅಷ್ಟು ದೂರದ ಪ್ರಯಾಣ ಬೇಕಿಲ್ಲ. ಬೆಂಗಳೂರಿನ ಕಡೆಗೆ ಹೋಗುವ ರೈಲು ಹತ್ತಿ ಚಿಕ್ಕಜಾಜೂರಿನಲ್ಲಿ ಇಳಿದರೆ ಹೊಳಲ್ಕೆರೆ ತಾಲ್ಲೂಕು ಸಿಕ್ಕಿತು. ಆ ತಾಲ್ಲೂಕಿನ ಘಟ್ಟಿಹೊಸಹಳ್ಳಿಯ ಸುತ್ತ ಹಸಿರು ಬಣ್ಣದ ಬೆಣಚುಕಲ್ಲಿನ ಪದರಗಳಿವೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವವರೆಗೆ ಇವೆಲ್ಲ ಒಂದೇ ಚಿತ್ರದುರ್ಗ ಜಿಲ್ಲೆಯ ಸೊತ್ತಾಗಿದ್ದವು.

ಆ ಕಲ್ಲಿಗೆ ಹಸಿರು ಕೊಟ್ಟದ್ದು ಒಂದು ಬಗೆಯ ಅಭ್ರಕ. ನಮ್ಮ ಹಳ್ಳಿಯವರ ಮಾತಿನಲ್ಲಿ ಕಾಗೆಬಂಗಾರ. ಸಾಮಾನ್ಯ ಕಾಗೆಬಂಗಾರ ಬೆಳ್ಳಗೆ ಹೊಳೆಯುತ್ತದೆ. ಅದರಲ್ಲಿ ಕ್ರೋಮಿಯಂ ಎಂಬ ಲೋಹ ಸ್ವಲ್ಪ ಸೇರಿದರೆ ಹಸಿರಾಗುತ್ತದೆ. 1842ರಲ್ಲಿ ಈ ಹಸಿರು ಅಭ್ರಕಕ್ಕೆ 'ಫುಕ್ಸೈಟ್' ಎಂದು ಹೆಸರಿಟ್ಟರು. ಜರ್ಮನಿಯ ರಸಾಯನ ವಿದ್ವಾಂಸ ಯೋಹಾನ್ ಫುಕ್ಸ್ (1774–1856) ಅವರ ನೆನಪಿಗೆ ಇಟ್ಟ ಹೆಸರು ಅದು.

ಕ್ರೋಮಿಯಂನ ಕಥೆಯೂ ಸ್ವಾರಸ್ಯವಾದದ್ದು. 1797ರಲ್ಲಿ ಫ್ರಾನ್ಸಿನ ವೋಕ್ಲಾನ್ ಎಂಬಾತ ಸೈಬೀರಿಯದ ಕೆಂಪು ಸೀಸದ ಅದಿರಿನಲ್ಲಿ ಈ ಲೋಹವನ್ನು ಕಂಡುಹಿಡಿದ. ಗ್ರೀಕರ ಭಾಷೆಯಲ್ಲಿ 'ಕ್ರೋಮ' ಎಂದರೆ ಬಣ್ಣ. ಹೆಸರಿಗೆ ತಕ್ಕ ಗುಣವೇ ಅದಕ್ಕಿದೆ: ಮಾಣಿಕ್ಯದ ಕೆಂಪೂ ಅದರದೇ, ಪಚ್ಚೆಯ ಹಸಿರೂ ಅದರದೇ. ಒಂದೇ ಲೋಹ ಎರಡು ಬಣ್ಣ ಕೊಡುವುದು ಹೇಗೆ? ಮಾಣಿಕ್ಯದಲ್ಲಿ ಸುತ್ತಲಿನ ಆಮ್ಲಜನಕದ ಕಣಗಳು ಕ್ರೋಮಿಯಂ ಅನ್ನು ಬಿಗಿಯಾಗಿ ಒತ್ತಿ ಹಿಡಿದಿರುತ್ತವೆ. ಆಗ ಅದು ಬೆಳಕಿನ ಹಸಿರು ಭಾಗವನ್ನು ನುಂಗಿ ಕೆಂಪನ್ನು ಬಿಟ್ಟುಕೊಡುತ್ತದೆ. ಪಚ್ಚೆಯಲ್ಲಿ, ಅಭ್ರಕದಲ್ಲಿ ಆ ಹಿಡಿತ ಕೊಂಚ ಸಡಿಲ. ಅಲ್ಲಿ ನುಂಗುವುದು ಕೆಂಪು, ಉಳಿಯುವುದು ಹಸಿರು.

ಈ ಎರಡು ಬಣ್ಣಗಳು ಒಂದೇ ಕಲ್ಲಿನಲ್ಲಿ ಸೇರಿರುವುದೂ ಉಂಟು. ಮೈಸೂರು, ಹಾಸನ ಸೀಮೆಗಳಲ್ಲಿ ಹಸಿರು ಅಭ್ರಕದ ನಡುವೆ ಕೆಂಪು ಕುರುಂದದ ಹರಳುಗಳು ದೊರೆಯುತ್ತವೆ. ಎಷ್ಟೋ ವೇಳೆ ಕೆಂಪಿಗೂ ಹಸಿರಿಗೂ ನಡುವೆ ಕಯನೈಟ್ ಎಂಬ ನೀಲಿ ಖನಿಜದ ಬಳೆಯೊಂದು ಇರುತ್ತದೆ. ಭೂಮಿಯ ಆಳದ ಕಾವಿನಲ್ಲಿ ಕೆಂಪು ಹಸಿರುಗಳು ಒಂದಕ್ಕೊಂದು ತಾಗಿ ಮಾರ್ಪಟ್ಟುದರ ಗುರುತು ಅದು. ದೇಶವಿದೇಶದ ಸಂಗ್ರಹಕಾರರು ಈ ತ್ರಿವರ್ಣಕ್ಕೆ ಮನಸೋಲುತ್ತಾರೆ. 'ಕೊರಂಡಂ' ಎಂಬ ಇಂಗ್ಲಿಷ್ ಮಾತೂ ನಮ್ಮ ದಕ್ಷಿಣದ 'ಕುರುಂದ'ದಿಂದಲೇ ಹೋದದ್ದು. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧ ಆ ಹೆಸರನ್ನು ವಿದ್ವಾಂಸರಲ್ಲಿ ಬಳಕೆಗೆ ತಂದಿತು.

ಆದರೆ ಕೊಳ್ಳುವವರು ಎಚ್ಚರವಾಗಿರಬೇಕು. ಆಫ್ರಿಕದ ಟಾಂಜಾನಿಯದಲ್ಲಿ ಕೆಂಪು ಹರಳುಳ್ಳ ಮತ್ತೊಂದು ಹಸಿರು ಕಲ್ಲು ಸಿಗುತ್ತದೆ. ಅಲ್ಲಿನ ಹಸಿರು ಜೊಯಿಸೈಟ್ ಎಂಬ ಖನಿಜದ್ದು. ಪೇಟೆಯಲ್ಲಿ ನಮ್ಮ ಕಲ್ಲು ಆ ಹೆಸರಿನಲ್ಲಿ ಮಾರಾಟವಾಗುವುದುಂಟು. ಪರೀಕ್ಷೆ ಸುಲಭ. ಗಡಸುತನದ ಹತ್ತು ಮೆಟ್ಟಿಲುಗಳಲ್ಲಿ ಕುರುಂದ 9ನೆಯದು, ಜೊಯಿಸೈಟ್ 6ರಿಂದ 7, ನಮ್ಮ ಅಭ್ರಕ ಕೇವಲ 2ರಿಂದ 3. ಸೂಜಿ ತಾಗಿದರೆ ಹಸಿರು ಅಭ್ರಕದ ಮೇಲೆ ಗೀರು ಬೀಳುತ್ತದೆ. ಇದೇ ಕಾರಣದಿಂದ ಸಾಣೆ ಹಿಡಿಯುವವನಿಗೂ ಇದು ಕಷ್ಟದ ಕಲ್ಲು: ಮೆತ್ತನೆಯ ಹಸಿರು ಬೇಗ ಸವೆದು ಕೆಂಪು ಹರಳು ಉಬ್ಬಿ ನಿಲ್ಲುತ್ತದೆ. ಉಂಗುರಕ್ಕಿಂತ ಪದಕಕ್ಕೆ, ಕೆತ್ತನೆಯ ಬೊಂಬೆಗೆ ಇದು ಹೆಚ್ಚು ಒಪ್ಪುತ್ತದೆ.

ಘಟ್ಟಿಹೊಸಹಳ್ಳಿಯ ಹಸಿರು ಬೆಣಚಿನಲ್ಲಿ ಇಂಥ ಮಾಣಿಕ್ಯದ ಸೊಬಗಿಲ್ಲದಿರಬಹುದು. ಅದರ ಹಿರಿಮೆ ವಯಸ್ಸಿನಲ್ಲಿದೆ. ಅಲ್ಲಿನ ಬೆಣಚು ಮತ್ತು ಬೆರೈಟ್ ಪದರಗಳು ಮುನ್ನೂರು ಕೋಟಿ ವರ್ಷಗಳಿಗೂ ಹಿಂದಿನವು. ಭೂಮಿಯ ಎಳೆತನದ ಕಡಲುಗಳು ಹೇಗಿದ್ದುವೆಂದು ಅರಿಯಲು ವಿಜ್ಞಾನಿಗಳು ಇಂಥ ಪದರಗಳನ್ನೇ ಕೇಳಬೇಕು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬುಗಲ್ಲುಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆ ಸಂದಿದೆ. ಒಡೆದು ಸಾಗಿಸಿದ ಕಲ್ಲಿಗೆ ಬೆಲೆ ಒಂದು ಸಲ ಬರುತ್ತದೆ. ಇದ್ದಲ್ಲೇ ಉಳಿದ ಕಲ್ಲು ಮುಂದಿನ ತಲೆಮಾರಿನವರಿಗೂ ತನ್ನ ಚರಿತ್ರೆಯನ್ನು ಹೇಳುತ್ತಿರುತ್ತದೆ.