ವಾಟ್ಸಾಪ್‌ನ ಅಳಿಸುವ ಚೌಕ: ಗುಂಡಿಯ ಬರಹವೂ ಬೆರಳಿನ ಸ್ಖಾಲಿತ್ಯವೂ

ಕಳುಹಿಸಿದ ಸಂದೇಶವನ್ನು ಹಿಂತೆಗೆದುಕೊಳ್ಳುವ ಅವಕಾಶವನ್ನು ವಾಟ್ಸಾಪ್ 2017ರಲ್ಲಿ ಒದಗಿಸಿದಾಗ ಅದರ ಅವಧಿ ಕೇವಲ 7 ನಿಮಿಷಗಳಷ್ಟಿದ್ದು, ಮುಂದೆ ಹಂತಹಂತವಾಗಿ ಬೆಳೆದು, 2022ರ ಆಗಸ್ಟ್ ವೇಳೆಗೆ ಎರಡು ದಿನಗಳನ್ನು ಮೀರಿತು. ಕಾಲಾವಕಾಶವು ಹೀಗೆ ವಿಸ್ತಾರಗೊಂಡರೂ, ಅದನ್ನು ಬಳಸಲೆಳಸುವವರ ಮುಂದೆ ಮೂಡುವ ಚೌಕದಲ್ಲಿನ ಆಯ್ಕೆಗಳ ಬರಹ ಬದಲಾಗಲಿಲ್ಲ: ‘ಡಿಲೀಟ್ ಫಾರ್ ಎವ್ರಿವನ್’, ‘ಡಿಲೀಟ್ ಫಾರ್ ಮಿ’, ‘ಕ್ಯಾನ್ಸಲ್’. ಮೊದಲನೆಯದು ಸಂದೇಶವನ್ನು ಎಲ್ಲರ ಫೋನುಗಳಿಂದಲೂ ತೆಗೆಯುತ್ತದೆ. ಎರಡನೆಯದಾದರೋ ಒತ್ತಿದವರ ಫೋನಿನಿಂದ ಮಾತ್ರ ತೆಗೆದು, ಉಳಿದವರ ಕಣ್ಣೆದುರು ಅದನ್ನು ಯಥಾವತ್ತಾಗಿ ಇರಗೊಡುತ್ತದೆ. ಒಬ್ಬರಿಗೆಂದು ಬರೆದುದು ಬಂಧುಗಳ ಗುಂಪಿಗೋ ಕಚೇರಿಯ ಗುಂಪಿಗೋ ಹೋಗಿಬಿಟ್ಟಾಗ, ಅಳಿಸಲು ಧಾವಿಸಿ, ಎರಡನೆಯ ಗುಂಡಿಯನ್ನೊತ್ತಿ, ಎಲ್ಲರಿಂದ ಅಳಿಸುವ ಅಧಿಕಾರವನ್ನೇ ಕಳೆದುಕೊಂಡು ಪರಿತಪಿಸುವವರುಂಟು. ಇದನ್ನು ಅವರ ಅಜಾಗರೂಕತೆಯೆಂದು ತಳ್ಳಿಹಾಕುವುದು ನ್ಯಾಯವಲ್ಲವೆಂಬುದೂ, ದೋಷವು ಗುಂಡಿಗಳ ಬರಹದಲ್ಲಿಯೂ ಚೌಕದ ರಚನೆಯಲ್ಲಿಯೂ ಇದೆಯೆಂಬುದೂ ಈ ಲೇಖನದ ಪ್ರತಿಪಾದ್ಯ.

ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ 1981ರ ಪ್ರಬಂಧವೊಂದರಲ್ಲಿ, ಉದ್ದೇಶ ಸರಿಯಾಗಿದ್ದೂ ಕ್ರಿಯೆ ದಾರಿತಪ್ಪುವ ಸ್ಖಾಲಿತ್ಯಗಳನ್ನು ವರ್ಗೀಕರಿಸಿದರು. ಅವುಗಳಲ್ಲೊಂದು ಬಗೆಯಲ್ಲಿ, ಆರಂಭದಲ್ಲಿ ಏಕರೂಪವಾಗಿರುವ ಎರಡು ಕ್ರಿಯೆಗಳ ಪೈಕಿ ಹೆಚ್ಚು ರೂಢಿಯಾದುದು, ಮನಸ್ಸು ಬೇರೆಡೆಯಿರುವಾಗ, ಅಪರೂಪದ ಕ್ರಿಯೆಯನ್ನು ತನ್ನ ವಶಕ್ಕೆ ಸೆಳೆದುಕೊಳ್ಳುತ್ತದೆ. ಪ್ರಕೃತ ಚೌಕದಲ್ಲಿ ಸಂಭವಿಸುವುದು ಇದೇ ಎಂದು ನನಗೆ ತೋರುತ್ತದೆ. ಇತರರು ಕಳುಹಿಸಿದ ಸಂದೇಶವನ್ನು ಗುಂಪಿನ ಸಾಮಾನ್ಯ ಸದಸ್ಯರು ಅಳಿಸಹೊರಟಾಗ ಎಲ್ಲರಿಂದ ಅಳಿಸುವ ಆಯ್ಕೆಯೇ ಕಾಣಿಸದು. ಅಲ್ಲಿ ಕಾರ್ಯಸಾಧಕವಾದುದು ‘ಡಿಲೀಟ್ ಫಾರ್ ಮಿ’ ಒಂದೇ. ಪ್ರತಿ ಮುಂಜಾನೆಯೂ ಬಂದು ಬೀಳುವ ಶುಭೋದಯದ ಚಿತ್ರಗಳನ್ನೂ ಹಬ್ಬಹರಿದಿನಗಳ ಹಾರೈಕೆಗಳನ್ನೂ, ಫೋನಿನಲ್ಲಿ ಸ್ಥಳ ಸಾಲದೆ, ದಿನದಿನವೂ ಅಳಿಸುತ್ತ ಬಂದ ಬೆರಳು, ಅಳಿಸುವುದೆಂದರೆ ಈ ಗುಂಡಿಯನ್ನೊತ್ತುವುದೇ ಎಂದು ಕಲಿತುಬಿಟ್ಟಿರುತ್ತದೆ. ಆತಂಕದ ಗಳಿಗೆಯಲ್ಲಿ ಅದು ಕಲಿತುದನ್ನೇ ಮಾಡುತ್ತದೆ. ಎರಡು ಬರಹಗಳೂ ಒಂದೇ ಬಗೆಯಲ್ಲಿ ತೊಡಗಿ ಕಡೆಯ ಪದದಲ್ಲಷ್ಟೇ ಬೇರ್ಪಡುವುದರಿಂದ, ಕಣ್ಣು ಆ ಪದವನ್ನು ಮುಟ್ಟುವ ಮೊದಲೇ ಕಾರ್ಯ ಮುಗಿದಿರುತ್ತದೆ.

ಅಳಿಸುವ ಮುನ್ನ ‘ಖಚಿತವೇ?’ ಎಂದು ಕೇಳಿದರೆ ಸಾಲದೇ ಎನ್ನಬಹುದು. ಆದರೆ ಇಂಥ ದೃಢೀಕರಣದ ಪ್ರಶ್ನೆಗೆ ಉತ್ತರಿಸುವುದೇ ಅಭ್ಯಾಸದ ಅಂಗವಾಗಿಬಿಟ್ಟಾಗ ಪ್ರಶ್ನೆಯು ರಕ್ಷಣೆ ನೀಡದೆಂದೂ, ಮಾಡಿದುದನ್ನು ಹಿಂದಿರುಗಿಸುವ ಸೌಕರ್ಯವೇ ಅದಕ್ಕಿಂತ ಮೇಲೆಂದೂ ಗಣಕ ವಿನ್ಯಾಸತಜ್ಞ ಜೆಫ್ ರಾಸ್ಕಿನ್ 2000ದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದರು. 2022ರ ಡಿಸೆಂಬರಿನಲ್ಲಿ ವಾಟ್ಸಾಪ್ ಕೈಗೊಂಡ ಕ್ರಮ ಈ ಮತಕ್ಕೆ ಅನುಗುಣವಾಗಿದೆ: ‘ಡಿಲೀಟ್ ಫಾರ್ ಮಿ’ ಒತ್ತಿದೊಡನೆ, ಅದನ್ನು ರದ್ದುಗೊಳಿಸುವ ಗುಂಡಿಯೊಂದು 5 ಸೆಕೆಂಡುಗಳ ಕಾಲ ಪರದೆಯ ಮೇಲೆ ನಿಲ್ಲುತ್ತದೆ. ಉಪಕಾರಕವೇ ಸರಿ. ಆದರೆ ಪ್ರಮಾದವಾಯಿತೆಂದು ಅರಿತವರಿಗೆ ಮಾತ್ರ ಇದರಿಂದ ಪ್ರಯೋಜನ. ಆ ಅರಿವಿಗೇ ಚೌಕದ ವರ್ತನೆ ಅಡ್ಡಿಯಾಗಿದೆ. ಸಂದೇಶವನ್ನು ಎಲ್ಲರಿಂದ ಅಳಿಸಿದಾಗ, ಅದಿದ್ದ ಜಾಗದಲ್ಲಿ, ಇಲ್ಲೊಂದು ಸಂದೇಶ ಅಳಿಸಲ್ಪಟ್ಟಿದೆಯೆಂಬ ಸೂಚನೆ ಉಳಿಯುತ್ತದೆ. ತನ್ನಿಂದ ಮಾತ್ರ ಅಳಿಸಿದಾಗಲಾದರೋ ಕುರುಹೂ ಉಳಿಯದೆ ಎಲ್ಲವೂ ಮಾಯವಾಗುತ್ತದೆ. ಅಂದರೆ, ಅಭೀಷ್ಟವನ್ನು ಸಾಧಿಸದ ಕ್ರಿಯೆಯೇ, ಸಾಧಿಸಿದ ಕ್ರಿಯೆಗಿಂತ ಹೆಚ್ಚು ಪರಿಪೂರ್ಣವಾಗಿ ಸಫಲವಾದಂತೆ ಕಾಣಿಸುತ್ತದೆ. ಇಂಥಲ್ಲಿ ನಿಶ್ಚಿಂತರಾಗಿ ಫೋನನ್ನು ಕೆಳಗಿಟ್ಟವರನ್ನು ದೂರುವುದೆಂತು?

ಟೆಲಿಗ್ರಾಂ ತನ್ನ ಕೆಲವು ಆವೃತ್ತಿಗಳಲ್ಲಿ, ಇಬ್ಬರ ನಡುವಣ ಸಂಭಾಷಣೆಗೆ ಅಳಿಸುವ ಗುಂಡಿಯನ್ನೊಂದೇ ಇರಿಸಿ, ಎದುರಿನವರ ಬಳಿಯೂ ಅಳಿಸಬೇಕೇ ಎಂಬುದನ್ನು ಗುರುತುಹಾಕುವ ಪ್ರತ್ಯೇಕ ಪುಟ್ಟ ಚೌಕಕ್ಕೆ ವಹಿಸಿರುವುದು ಪರಿಶೀಲನಾರ್ಹ. ವಾಟ್ಸಾಪ್‌ನ ಚೌಕದಲ್ಲಿ ಇಷ್ಟು ಮಾರ್ಪಾಡೂ ಬೇಕಿಲ್ಲ. ಭೇದಸೂಚಕವಾದ ಪದವನ್ನು ಬರಹದ ಆದಿಗೆ ತಂದು, ಸ್ವಂತ ಸಂದೇಶವನ್ನು ಅಳಿಸುವಾಗಲಷ್ಟೇ ಎರಡನೆಯ ಗುಂಡಿಯ ಕೆಳಗೆ ‘ಉಳಿದವರಿಗೆ ಇದು ಕಾಣುತ್ತಲೇ ಇರುವುದು’ ಎಂಬ ಒಂದು ಸಾಲನ್ನು ಸೇರಿಸಿದರೆ, ದಿನವೂ ಕಾಣುವ ಚೌಕಕ್ಕಿಂತ ಇದು ಭಿನ್ನವಾಗಿ ತೋರಿ, ಬೆರಳು ಅರೆಕ್ಷಣ ತಡೆಯುವುದು. ಓದಲು ಅಷ್ಟು ಅವಕಾಶ ಸಾಕು.