ಅಳೆಯದೆ ಬಂದ ಅಂಕಿ

ರಕ್ತಪರೀಕ್ಷೆಯ ವರದಿಯಲ್ಲಿ ‘ಕೆಟ್ಟ ಕೊಲೆಸ್ಟ್ರಾಲ್’ ಎಂದು ನಮ್ಮನ್ನು ಹೆದರಿಸುವ ಎಲ್‌ಡಿಎಲ್ ಅಂಕಿ ಹಲವು ಸಲ ಅಳತೆಯಲ್ಲ, ಲೆಕ್ಕ. ಹಿಂದೆ ಅದನ್ನು ನಿಖರವಾಗಿ ಅಳೆಯಲು ಅಲ್ಟ್ರಾಸೆಂಟ್ರಿಫ್ಯೂಜ್ ಎಂಬ ದುಬಾರಿ ಯಂತ್ರ ಬೇಕಿತ್ತು. ಸಾಮಾನ್ಯ ಪ್ರಯೋಗಾಲಯಗಳಿಗೆ ಅದು ಎಟುಕುತ್ತಿರಲಿಲ್ಲ. 1972ರಲ್ಲಿ ಅಮೆರಿಕದ ಫ್ರೀಡೆವಾಲ್ಡ್, ಲೆವಿ, ಫ್ರೆಡ್ರಿಕ್ಸನ್ 448 ಜನರ ರಕ್ತ ಪರೀಕ್ಷಿಸಿ ಸರಳ ಸೂತ್ರವೊಂದನ್ನು ಕೊಟ್ಟರು: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಿರಿ. ಉಂಡ ಮೇಲೆ ಟ್ರೈಗ್ಲಿಸರೈಡ್ ಏರಿ ಈ ಲೆಕ್ಕ ತಪ್ಪುತ್ತದೆ. ಬರಿಹೊಟ್ಟೆಯಲ್ಲಿ ಬನ್ನಿ ಎನ್ನುತ್ತಿದ್ದುದು ಅದಕ್ಕೇ. ಅದು ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದರೆ ಸೂತ್ರವನ್ನು ನೆಚ್ಚಬಾರದೆಂದು ಅವರೇ ಎಚ್ಚರಿಸಿದ್ದರು. ದುಬಾರಿ ಯಂತ್ರದ ಹಂಗಿಲ್ಲದೆ ಹೃದಯದ ಅಪಾಯ ಅಂದಾಜಿಸಲು ದಾರಿಯಾದದ್ದು ಈ ಕಳೆಯುವ ಲೆಕ್ಕದಿಂದ. ಅದಕ್ಕೆ ಋಣಿಗಳಾಗಿರೋಣ. ಆದರೂ ಆ ಅಂಕಿ ಅಳೆದದ್ದೋ, ಎಣಿಸಿದ್ದೋ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.